ಮೊದಲು ಬೂದಿ ತೆಗಿ ಮಾರಾಯ್ತಿ

ಕಳೆದ ಜುಲೈ ಕೊನೆಯಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಉಡುಪಿಯ ಕಡೆ ನಮ್ಮ ಹಳೆಯ ಹೆಂಚಿನ ಮನೆ. ಅಪ್ಪ ಅಮ್ಮ ಈಗಿಲ್ಲ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೇ ಇರುವುದು. ಆಟಿ ತಿಂಗಳ ಮಳೆ, ಕೇಳಬೇಕೇ? ರಾತ್ರಿ ಹೋದ ಕರೆಂಟು ಬೆಳಗಾದರೂ ಬಂದಿರಲಿಲ್ಲ. ಗೀಸರ್ ಇದ್ದೂ ಇಲ್ಲದ ಹಾಗೆ. "ಬಚ್ಚಲಿನ ಒಲೆಗೆ ಬೆಂಕಿ ಮಾಡು, ನಾನು ದೋಸೆಗೆ ಕಾವಲಿ ಇಡ್ತೇನೆ" ಎಂದರು ಚಿಕ್ಕಮ್ಮ.

ಚಿಕ್ಕವಳಿದ್ದಾಗ ದಿನಾ ನೋಡಿದ ಕೆಲಸ. ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಮಣ್ಣಿನ ಒಲೆ, ಪಕ್ಕದಲ್ಲಿ ಸೌದೆ, ಒಂದು ಗೋಣಿಯಲ್ಲಿ ತೆಂಗಿನ ಸಿಪ್ಪೆ, ಗೆರಟೆ. ನಾಲ್ಕು ಸೌದೆ ಒಳಗೆ ತಳ್ಳಿದೆ. ಮೇಲೆ ಒಣಗಿದ ಗರಿ ಇಟ್ಟು ಕಡ್ಡಿ ಗೀರಿದೆ. ಗರಿ ಭಗ್ಗೆಂದು ಉರಿಯಿತು, ಅಷ್ಟೇ ಬೇಗ ಆರಿತು. ಇನ್ನೆರಡು ಸೌದೆ ಹಾಕಿದೆ. ಊದುಗೊಳವೆ ಹಿಡಿದು ಊದಿದೆ. ಬಚ್ಚಲು ತುಂಬಾ ಹೊಗೆ. ಕಣ್ಣು ಮೂಗು ಎಲ್ಲ ನೀರು.

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಬಗ್ಗಿ ನೋಡಿದರು. "ಎಷ್ಟು ಸೌದೆ ತುರುಕಿದ್ದೀ! ಮೊದಲು ಬೂದಿ ತೆಗಿ ಮಾರಾಯ್ತಿ. ಗಾಳಿ ಹೋಗುವುದು ಎಲ್ಲಿಂದ?"

ನಾನು ಇಟ್ಟ ಸೌದೆಯನ್ನೆಲ್ಲಾ ಹೊರಗೆಳೆದರು. ಒಂದು ದೊಡ್ಡ ಗೆರಟೆಯಿಂದ ಬೂದಿಯನ್ನು ಮೆಲ್ಲಗೆ ಬಳಿದು ಹಳೆಯ ಡಬ್ಬಕ್ಕೆ ತುಂಬಿದರು. ಅರ್ಧ ಡಬ್ಬ ಆಯಿತು. ತಳದ ಬೂದಿ ಸರಿಸುವಾಗ ಅಡಿಯಲ್ಲಿ ಕೆಂಪಗೆ ಏನೋ ಮಿನುಗಿತು. ನಿನ್ನೆ ಸಂಜೆಯ ಕೆಂಡ! ಮೂರ್ನಾಲ್ಕು ಚೂರು. ಅದರ ಮೇಲೆ ಒಂದು ಹಿಡಿ ತೆಂಗಿನ ನಾರು ಉದುರಿಸಿ ಎರಡೇ ಸಲ ಊದಿದರು. ಹತ್ತಿಕೊಂಡಿತು. ಅದೇ ಸೌದೆ, ಅದೇ ಒಲೆ.

ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತವಳು ಸುಮಾರು ಹೊತ್ತು ಏಳಲಿಲ್ಲ. ನೀರು ಕಾಯುವುದನ್ನು ನೋಡುತ್ತಿದ್ದೇನೆ ಎಂದು ಚಿಕ್ಕಮ್ಮ ಅಂದುಕೊಂಡರು. ಆದರೆ ಅವರು ಹೇಳಿದ ಮಾತು ನನ್ನ ಎರಡು ವರ್ಷದ ಪ್ರಶ್ನೆಗೆ ನೇರವಾಗಿ ಹೋಗಿ ತಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹೊಗೆಯಲ್ಲಿ ಕೂತವರು ಇನ್ನೂ ಇದ್ದಾರೆ ಎಂದು ನನಗೆ ಗೊತ್ತು.

ನಾನು ಚರ್ಚಿನೊಳಗೇ ಬೆಳೆದವಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದು ಇಳಿದದ್ದು 1834ರಲ್ಲಿ. ನಮ್ಮ ಮನೆತನದ ನಂಬಿಕೆ ಅಲ್ಲಿಂದ ಹರಿದು ಬಂದದ್ದು. ಸಂಡೆ ಸ್ಕೂಲು, ಬಾಯಿಪಾಠದ ವಚನಗಳು, ಕ್ರಿಸ್ಮಸ್ ನಾಟಕ, ದೃಢೀಕರಣ, ಎಲ್ಲವೂ ಕ್ರಮವಾಗಿ ಆಯಿತು. ಆದರೆ ದೇವರು ನನಗೆ ನಿಜವಾದದ್ದು ಕಾಲೇಜಿನ ಎರಡನೇ ವರ್ಷ. ಒಂದು ವಿದ್ಯಾರ್ಥಿ ಶಿಬಿರದ ಕೊನೆಯ ರಾತ್ರಿ. ಪ್ರಸಂಗದಲ್ಲಿ ಹೊಸದೇನೂ ಇರಲಿಲ್ಲ. ಆದರೂ ಆವತ್ತು ಯೇಸು ನನ್ನನ್ನು, ಹೆಸರು ಹಿಡಿದು, ಪ್ರೀತಿಸುತ್ತಾನೆ ಎಂದು ಎದೆಗೆ ಗೊತ್ತಾಯಿತು. ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಎಷ್ಟೋ ವರ್ಷ, ಹಾಸ್ಟೆಲಿನಲ್ಲಿ ಎಲ್ಲರೂ ಮಲಗಿದ ಮೇಲೆ ಮೆಟ್ಟಿಲ ಮೇಲೆ ಕೂತು, ಬೀದಿದೀಪದ ಬೆಳಕಿಗೆ ಕೀರ್ತನೆ ಓದುತ್ತಿದ್ದೆ. ಯಾರೂ ಓದು ಅಂದಿರಲಿಲ್ಲ. ಹಸಿವಾದವರಿಗೆ ಊಟ ಮಾಡು ಅಂತ ಹೇಳಬೇಕಾ?

ಮದುವೆಯಾಗಿ ಬೆಂಗಳೂರಿಗೆ ಬಂದೆ. ಬ್ಯಾಂಕಿನ ಕೆಲಸ, ಇಬ್ಬರು ಮಕ್ಕಳು. ಚರ್ಚಿನಲ್ಲಿ ಕ್ವಾಯರ್, ಸಂಡೆ ಸ್ಕೂಲು, ಸ್ತ್ರೀಯರ ಕೂಟ. ಹದಿನಾಲ್ಕು ವರ್ಷ ಸಂಡೆ ಸ್ಕೂಲು ತಪ್ಪಿಸಿದ್ದು ಬೆರಳೆಣಿಕೆಯಷ್ಟು ಸಲ. ಬೆಂಕಿ ಯಾವತ್ತು ಆರಿತು? ತಾರೀಖು ಹೇಳಲಾರೆ. ದೊಡ್ಡ ಪಾಪ ಯಾವುದೂ ನಡೆಯಲಿಲ್ಲ, ನಂಬಿಕೆ ಬಿಡುವಂಥ ಪ್ರಶ್ನೆಯೂ ಏಳಲಿಲ್ಲ.

ಗೊತ್ತಾದದ್ದು ಎರಡು ವರ್ಷದ ಹಿಂದೆ, ಒಂದು ಪ್ರಭುಭೋಜನದ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಮುಂದೆ ಹೋಗಿ ಮೊಣಕಾಲೂರಿದೆ. ಬಲಗೈಯನ್ನು ಎಡಗೈ ಮೇಲಿಟ್ಟು ಚಾಚಿದೆ. ನಮ್ಮ ಪಾದ್ರಿ ಅಯ್ಯನವರು ರೊಟ್ಟಿಯ ತುಂಡನ್ನು ಅಂಗೈಯಲ್ಲಿಟ್ಟರು. "ನಿನಗೋಸ್ಕರ ಕೊಡಲ್ಪಟ್ಟ ದೇಹ" ಎಂದರು. ನಾನು ಆ ಹೊತ್ತಿನಲ್ಲಿ, ನಮ್ಮ ಕಾರಿನ ಹಿಂದೆ ಯಾರೋ ಅಡ್ಡ ನಿಲ್ಲಿಸಿದ್ದಾರೆ, ಹೊರಡುವಾಗ ತೊಂದರೆ ಆಗುತ್ತಲ್ಲ ಎಂದು ಯೋಚಿಸುತ್ತಿದ್ದೆ. ರೊಟ್ಟಿ ನುಂಗಿ ಎದ್ದು ಬಂದೆ. ಬೆಂಚಿಗೆ ವಾಪಸ್ಸು ಬಂದು ಕೂತ ಮೇಲೆ ಎದೆ ಧಸಕ್ಕೆಂದಿತು. ಆಗಲೇ ತಗೊಂಡೆನಾ? ಯಾವಾಗ? ಮನಸ್ಸು ಅಲೆಯುವುದು ಎಲ್ಲರಿಗೂ ಇದೆ, ಅದು ಗೊತ್ತು. ನನಗೆ ಭಯ ಹುಟ್ಟಿಸಿದ್ದು ಬೇರೆ. ಹೀಗಾಗುತ್ತಾ ಎಷ್ಟು ಕಾಲವಾಯಿತು ಎಂದು ನೆನಪಿಗೇ ಬರಲಿಲ್ಲ.

ಅಲ್ಲಿಂದ ನಾನು ಮಾಡಿದ್ದೆಲ್ಲ ಸೌದೆ ತುರುಕುವ ಕೆಲಸ. ಒಂದು ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುವ ಪಟ್ಟಿ ಫೋನಿಗೆ ಹಾಕಿಕೊಂಡೆ. ಶುಕ್ರವಾರ ಉಪವಾಸ. ಬುಧವಾರದ ಪ್ರಾರ್ಥನಾ ಗುಂಪು. ನಂಬಿಕೆಗೆ ಮತ್ತೆ ಜೀವ ತುಂಬುವ ಮೂರು ದಿನದ ಉಜ್ಜೀವನ ಕೂಟಕ್ಕೂ ಹೋದೆ. ಅಂಥ ಕೂಟಗಳಲ್ಲಿ ಬದುಕು ತಿರುಗಿದವರನ್ನು ಕಣ್ಣಾರೆ ಕಂಡಿದ್ದೇನೆ, ಅವುಗಳ ಬಗ್ಗೆ ಹಗುರವಾಗಿ ಮಾತಾಡಲಾರೆ. ನಾನೂ ಕೈಯೆತ್ತಿ ಹಾಡಿದೆ, ಅತ್ತೆ. ನಾಲ್ಕನೇ ದಿನಕ್ಕೆ ಮತ್ತೆ ಅದೇ ತಣ್ಣಗಿನ ನಾನು. ತೆಂಗಿನ ಗರಿಯ ಬೆಂಕಿ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಎರಡನೇ ಅಧ್ಯಾಯದಲ್ಲಿ ಎಫೆಸದ ಸಭೆಗೆ ಬರೆದ ಪತ್ರವನ್ನು ಆಗ ಎಷ್ಟು ಸಲ ಓದಿದೆನೋ. ಆ ಸಭೆಯವರು ಸೋಮಾರಿಗಳಲ್ಲ. ದುಡಿಯುತ್ತಾರೆ, ತಾಳಿಕೊಳ್ಳುತ್ತಾರೆ, ಸುಳ್ಳು ಬೋಧಕರನ್ನು ಪರೀಕ್ಷಿಸಿ ಕಂಡುಹಿಡಿಯುತ್ತಾರೆ. ಕರ್ತನೇ ಅದನ್ನೆಲ್ಲ ಹೊಗಳುತ್ತಾನೆ. ಆಮೇಲೆ ಒಂದೇ ದೂರು: ಮೊದಲಿದ್ದ ಪ್ರೀತಿಯನ್ನು ಬಿಟ್ಟಿದ್ದೀ. ಕೆಲಸ ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಪ್ರೀತಿ ಹೋಗಬಹುದು ಎನ್ನುವುದು ನನ್ನಂಥ ಕೆಲಸಗಾರರಿಗೆ ಎಂಥ ಏಟು! ಕೆಲಸ ನಿಂತಿದ್ದರೆ ಯಾರಾದರೂ ಕೇಳುತ್ತಿದ್ದರು. ನಡೆಯುತ್ತಾ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಊರಿನಲ್ಲಿ ಆವತ್ತು ಸ್ನಾನ ಮುಗಿಸಿ, ದೋಸೆ ತಿಂದು, ಮಳೆ ನೋಡುತ್ತಾ ಜಗಲಿಯಲ್ಲಿ ಕೂತು ಬೈಬಲ್ ತೆರೆದೆ. ಹುಡುಕಿದ್ದು ಯಾಜಕಕಾಂಡದ 6ನೇ ಅಧ್ಯಾಯ. ಯಜ್ಞವೇದಿಯ ಬೆಂಕಿ ಆರಬಾರದು ಎನ್ನುವ ಮಾತು ಅಲ್ಲೇ ಎಲ್ಲೋ ಇದೆ ಎಂದು ನೆನಪಿತ್ತು. ಬೆಂಕಿ ಆರಬಾರದು ಎಂದು ಅಲ್ಲಿ ಮತ್ತೆ ಮತ್ತೆ ಹೇಳಿದೆ. ಯಾಜಕನು ಪ್ರತಿ ಬೆಳಿಗ್ಗೆ ಅದರ ಮೇಲೆ ಕಟ್ಟಿಗೆ ಹಾಕಬೇಕು ಎಂದೂ ಇದೆ. ಅಷ್ಟು ನನಗೆ ಗೊತ್ತಿತ್ತು. ನೂರು ಪ್ರಸಂಗದಲ್ಲಿ ಕೇಳಿದ್ದೇನೆ. ಗಮನಿಸದೆ ಇದ್ದದ್ದು ಅದಕ್ಕೂ ಮೊದಲಿನ ಎರಡು ವಚನ. ಯಾಜಕನು ಎದ್ದು ನಾರಿನ ಬಟ್ಟೆ ಉಟ್ಟುಕೊಂಡು, ರಾತ್ರಿಯೆಲ್ಲಾ ಉರಿದ ಹೋಮದ ಬೂದಿಯನ್ನು ಮೊದಲು ತೆಗೆಯಬೇಕು. ವೇದಿಯ ಪಕ್ಕದಲ್ಲಿ ಇಡಬೇಕು. ಆಮೇಲೆ ಬಟ್ಟೆ ಬದಲಾಯಿಸಿ ಅದನ್ನು ಪಾಳೆಯದ ಹೊರಗೆ, ಶುದ್ಧವಾದ ಒಂದು ಜಾಗಕ್ಕೆ ಒಯ್ಯಬೇಕು. ಕಟ್ಟಿಗೆಯ ಮಾತು ಬರುವುದು ಅದಾದ ಮೇಲೆ.

ಚಿಕ್ಕಮ್ಮನಿಗೆ ಓದಿ ಹೇಳಿದೆ. "ಮತ್ತೆ? ಬೂದಿ ತೆಗೆಯದೆ ಯಾರಾದರೂ ಬೆಂಕಿ ಮಾಡ್ತಾರಾ?" ಎಂದರು. ಅವರಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ.

ಆ ಬಟ್ಟೆಯ ವಿಷಯ ನನ್ನನ್ನು ತುಂಬ ಹಿಡಿದುಕೊಂಡಿತು. ಬೂದಿ ಬಾಚುವುದಕ್ಕೆ ಯಾಜಕನ ಬಟ್ಟೆ ಯಾಕೆ? ಯಾರೋ ಆಳಿಗೆ ಹೇಳಿದರೆ ಆಗುತ್ತಿತ್ತಲ್ಲ. ದೇವರು ಹಾಗೆ ಮಾಡಲಿಲ್ಲ. ಬೂದಿ ತೆಗೆಯುವುದೂ ಆರಾಧನೆಯೇ ಎಂದು ಇಟ್ಟ. ಇನ್ನೊಂದು ವಿಷಯ. ಮುಂದೆ 9ನೇ ಅಧ್ಯಾಯದಲ್ಲಿ ಆ ವೇದಿಯ ಮೇಲೆ ಬೆಂಕಿ ಬರುವುದು ಕರ್ತನ ಸನ್ನಿಧಿಯಿಂದ. ಮನುಷ್ಯರು ಹೊತ್ತಿಸಿದ್ದಲ್ಲ. ಬೆಂಕಿ ಅವನದು. ಬೂದಿ ತೆಗೆಯುವುದು, ಕಟ್ಟಿಗೆ ಇಡುವುದು ಇವರದು. ನಾನು ಎರಡು ವರ್ಷ ಮಾಡಿದ್ದು ಉಲ್ಟಾ. ಬೆಂಕಿಯನ್ನು ನಾನೇ ಎಬ್ಬಿಸಲು ಒದ್ದಾಡಿದೆ. ನನ್ನ ಪಾಲಿನ ಬೂದಿಯನ್ನು ಮುಟ್ಟಲೇ ಇಲ್ಲ.

ಹಾಗಾದರೆ ನನ್ನ ಬೂದಿ ಯಾವುದು?

ಬೂದಿ ಎಂದರೆ ಕಸವಲ್ಲ. ನಿನ್ನೆ ನಿಜವಾಗಿ ಉರಿದದ್ದರ ಉಳಿಕೆ ಅದು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆ ಶಿಬಿರದ ರಾತ್ರಿಯ ಸಾಕ್ಷಿಯನ್ನು, ಎಂದರೆ ದೇವರು ನನ್ನನ್ನು ಮುಟ್ಟಿದ ಕಥೆಯನ್ನು, ನಾನು ಇಪ್ಪತ್ತೈದು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಸ್ತ್ರೀಯರ ಕೂಟದಲ್ಲಿ, ಸಂಡೆ ಸ್ಕೂಲಿನಲ್ಲಿ, ಪ್ರಾರ್ಥನಾ ಗುಂಪಿನಲ್ಲಿ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಕಣ್ಣೀರು ಬರುತ್ತದೆ, ಎಲ್ಲ ಗೊತ್ತು. ಅದು ಸುಳ್ಳಲ್ಲ, ಆ ರಾತ್ರಿ ನಿಜವಾಗಿಯೂ ನಡೆಯಿತು. ಆದರೆ ಈ ವರ್ಷ ದೇವರು ನಿನಗೆ ಏನು ಹೇಳಿದ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆ ಎತ್ತಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದಿತ್ತಲ್ಲ. ನನ್ನ ಪಾತ್ರೆಯಲ್ಲಿದ್ದದ್ದೂ ಹಳೆಯ ಮನ್ನ.

ಇಲ್ಲಿ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಮಹಾರಾಷ್ಟ್ರದವರು ಎಂದೇ ಎಲ್ಲರೂ ತಿಳಿದಿರುವುದು. ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡು ಅದು. ತಂದೆ ಅನಂತ ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿ ಬೈಸಿಕೊಂಡವರು. ರಮಾಬಾಯಿ ಆರೇಳು ತಿಂಗಳ ಕೂಸಿದ್ದಾಗ ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು ಬೆಟ್ಟದಿಂದ ಕೆಳಗೆ ಹೊತ್ತು ತಂದರಂತೆ. ತಮ್ಮ ಯಾತ್ರೆ ಅಲ್ಲಿಂದಲೇ ಶುರುವಾಯಿತು ಎಂದು ಅವರೇ ಬರೆದಿದ್ದಾರೆ. ಆಮೇಲೆ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಹೋದರು. ಅಣ್ಣ ಹೋದ. ಮದುವೆಯಾಗಿ ಎರಡು ವರ್ಷವೂ ತುಂಬುವ ಮೊದಲೇ ಗಂಡನೂ ಹೋದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಬಾಲವಿಧವೆಯರಿಗೆ ಆಸರೆ ಕೊಟ್ಟರು. ಹೆಸರು ದೇಶವಿದೇಶಗಳಲ್ಲಿ ಹರಡಿತ್ತು.

ಇಷ್ಟೆಲ್ಲ ಆದ ಮೇಲೆ, ದೀಕ್ಷಾಸ್ನಾನವಾಗಿ ಎಂಟು ವರ್ಷದ ಹೊತ್ತಿಗೆ, ಅವರಿಗೆ ಒಂದು ಸತ್ಯ ಗೊತ್ತಾಯಿತು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಅದರ ಜೀವವಾದ ಕ್ರಿಸ್ತ ಇನ್ನೂ ಸಿಕ್ಕಿಲ್ಲ. 1907ರಲ್ಲಿ ತಮ್ಮ ಸಾಕ್ಷಿ ಬರೆಯುವಾಗ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಆ ದಿನಗಳಲ್ಲಿ ಅವರು ಓದಿದ್ದರಲ್ಲಿ ಹಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯೂ ಒಂದು. ಆತ ಎಷ್ಟೋ ವರ್ಷ ಪಾದ್ರಿಯಾಗಿ ಕೆಲಸ ಮಾಡಿ, 1851ರಲ್ಲಿ ಒಂದು ಭಾನುವಾರ ತನ್ನದೇ ಪ್ರಸಂಗದ ನಡುವೆ ಮನಸ್ಸು ತಿರುಗಿಸಿಕೊಂಡವನು. ಪ್ರಸಂಗ ಮಾಡುವವನಿಗೇ ಹೀಗಾಗಬಹುದಾದರೆ ಎಂದು ರಮಾಬಾಯಿ ತಮ್ಮನ್ನು ತಾವೇ ನೋಡಿಕೊಂಡರು.

ಎಷ್ಟು ಧೈರ್ಯ ಬೇಕು ಇದಕ್ಕೆ! ದಾನಿಗಳು, ಟೀಕಿಸುವವರು, ಆಶ್ರಯದಲ್ಲಿದ್ದ ಹುಡುಗಿಯರು, ಎಲ್ಲರ ಕಣ್ಣೂ ಇವರ ಮೇಲೆ. ಸುಮ್ನೆ ಇದ್ದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಿನ್ನೆಯ ಬೂದಿಯನ್ನು ಅವರು ಬಳಿದು ತೆಗೆದರು. ಮುಂದೆ ನಡೆದದ್ದನ್ನು ನೋಡಿ. 1896ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಅವರಿಗಾಗಿ ಮುಕ್ತಿ ಎನ್ನುವ ಆಶ್ರಯದ ಊರೇ ಎದ್ದಿತು. 1905ರ ಜನವರಿಯಲ್ಲಿ ಅಲ್ಲಿ ದಿನಾ ಸೇರಿ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಕೇಳಿದಾಗ ಮುಂದೆ ಬಂದವರು 70ರಷ್ಟು. ಆರೇ ತಿಂಗಳಲ್ಲಿ ಅದು ನೂರಾರಾಗಿ, ಆ ಜೂನ್ ಕೊನೆಯಲ್ಲಿ ಹುಡುಗಿಯರು ಅತ್ತು ತಪ್ಪು ಒಪ್ಪಿಕೊಳ್ಳುವುದು ಶುರುವಾಯಿತು. ಕಲಬುರಗಿಯಲ್ಲೂ ಅವರೊಂದು ಶಾಲೆ ನಡೆಸಿದರು, ಮಗಳು ಮನೋರಮಾ ಅದನ್ನು ನೋಡಿಕೊಂಡರು. ಮನೋರಮಾ 1921ರಲ್ಲಿ ತೀರಿಕೊಂಡರು. ಆ ದುಃಖದಲ್ಲೂ ರಮಾಬಾಯಿ ಬೈಬಲಿನ ಮರಾಠಿ ಅನುವಾದ ಬಿಡಲಿಲ್ಲ. 1922ರ ಏಪ್ರಿಲ್‌ನಲ್ಲಿ ತಾವು ಹೋಗುವವರೆಗೂ ಅದೇ ಕೆಲಸ. ಇಂಥವರು ನಮ್ಮ ಘಟ್ಟದಲ್ಲಿ ಹುಟ್ಟಿದವರು ಎನ್ನುವುದನ್ನು ನಮ್ಮ ಸಂಡೆ ಸ್ಕೂಲಿನ ಮಕ್ಕಳಿಗೆ ಯಾಕೆ ಹೇಳುವುದಿಲ್ಲವೋ!

ಹಳೆಯ ಸಾಕ್ಷಿ ಒಂದು ಬೂದಿ. ಅದಕ್ಕಿಂತ ಜಾಸ್ತಿ ದಪ್ಪ ಕೂತಿದ್ದ ಬೂದಿ ಇನ್ನೊಂದಿತ್ತು. ಅದನ್ನು ಹೇಳುವುದು ಸುಲಭವಲ್ಲ.

ಮೂರು ವರ್ಷದ ಹಿಂದಿನ ಕ್ರಿಸ್ಮಸ್ ನಾಟಕ. ಬರೆದದ್ದು ನಾನು. ಆಗಷ್ಟೇ ಸಂಡೆ ಸ್ಕೂಲಿಗೆ ಸೇರಿದ್ದ ಒಬ್ಬ ಕಿರಿಯ ಟೀಚರ್ ನನ್ನನ್ನು ಕೇಳದೆ ಎರಡು ದೃಶ್ಯ ಬದಲಾಯಿಸಿದಳು. ಮೀಟಿಂಗಿನಲ್ಲಿ, ಎಲ್ಲರ ಮುಂದೆ, "ನಿನ್ನೆ ಮೊನ್ನೆ ಬಂದವರು ಮೊದಲು ಕೂತು ಕಲಿಯಲಿ" ಎಂದೆ. ಅವಳ ಮುಖ ಬಿಳುಚಿಕೊಂಡಿತು. ಚೀಲ ತಗೊಂಡು ಎದ್ದು ಹೋದಳು. ಹೊಸ ವರ್ಷದಿಂದ ಸಂಡೆ ಸ್ಕೂಲಿಗೆ ಬರಲಿಲ್ಲ. ಕೇಳದೆ ಬದಲಾಯಿಸಿದ್ದು ಅವಳದೇ ತಪ್ಪು ಎಂದು ಹಿರಿಯರು ನನ್ನ ಪರವಾಗಿ ಮಾತಾಡಿದರು. ನಾನು ಆ ಮಾತನ್ನು ಭದ್ರವಾಗಿ ಇಟ್ಟುಕೊಂಡೆ. ಚರ್ಚಿನಲ್ಲಿ ಅವಳು ಬಲಗಡೆ ಕೂತರೆ ನಾನು ಎಡಗಡೆಯ ಬಾಗಿಲಿನಿಂದ ಬರುತ್ತಿದ್ದೆ. ಹೀಗೆ ಎರಡೂವರೆ ವರ್ಷ. ಹೀಗಿದ್ದುಕೊಂಡೇ ಹಾಡಿದೆ, ಉಪವಾಸ ಮಾಡಿದೆ, ಉಜ್ಜೀವನ ಕೊಡು ಎಂದು ಬೇಡಿದೆ.

ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದೂ ವೇದಿಯ ಬಳಿಯ ಮಾತೇ ಅಲ್ವಾ? ಕಾಣಿಕೆ ತಂದು ನಿಂತಿದ್ದೀ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾಯಿತು. ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗು. ಯಾರು ಸರಿ ಯಾರು ತಪ್ಪು ಎಂದು ಅವನು ಕೇಳಲಿಲ್ಲ.

ಊರಿನಿಂದ ಬಂದ ವಾರ ಅವಳಿಗೆ ಫೋನ್ ಮಾಡಿದೆ. ಮೂರು ಸಲ ನಂಬರ್ ತೆಗೆದು ಮೂರು ಸಲ ಮುಚ್ಚಿದ್ದೆ. "ಆವತ್ತು ನಾನು ಹಾಗೆ ಹೇಳಬಾರದಿತ್ತು ಮ್ಮಾ. ಎಲ್ಲರ ಮುಂದೆ ಹೇಳಿದ್ದು ಇನ್ನೂ ದೊಡ್ಡ ತಪ್ಪು. ಕ್ಷಮಿಸು" ಎಂದೆ. "ನಾಟಕ" ಎನ್ನುವ ಪದವನ್ನೂ ಎತ್ತಲಿಲ್ಲ. ಎತ್ತಿದರೆ ವಾದ ಶುರುವಾಗುತ್ತಿತ್ತು. ಆ ಕಡೆ ಸುಮಾರು ಹೊತ್ತು ಮಾತಿಲ್ಲ. "ಸರಿ ಆಂಟಿ" ಎಂದಳು. ಅಷ್ಟೇ. ಫೋನ್ ಇಟ್ಟಳು. ಅವಳು ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಎದೆಯೊಳಗೆ ಎಲ್ಲಿಂದಲೋ ಸ್ವಲ್ಪ ಗಾಳಿ ಆಡಿದ ಹಾಗಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಒಳಗೆ ತಣ್ಣಗಾಗಿರುವುದೆಲ್ಲ ಬೂದಿಯಿಂದಲೇ ಎಂದು ತಿಳಿಯಬೇಡಿ. ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗೆ ಬಿದ್ದುಕೊಂಡು ಸಾಯಬೇಕು ಎಂದಾಗ ದೇವದೂತ ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಹೆರಿಗೆಯಾದವರು, ರೋಗಿಗಳನ್ನು ನೋಡಿಕೊಂಡು ನಿದ್ದೆಗೆಟ್ಟವರು, ಮನಸ್ಸು ಕುಸಿದು ಹಾಸಿಗೆ ಬಿಟ್ಟೇಳಲು ಆಗದವರು, ದಯವಿಟ್ಟು ಇದನ್ನು ಓದಿ ನಿಮ್ಮನ್ನು ಹಳಿದುಕೊಳ್ಳಬೇಡಿ. ನಿಮಗೆ ಬೇಕಾದದ್ದು ನಿದ್ದೆ, ಊಟ, ಒಳ್ಳೆಯ ಡಾಕ್ಟರು, ಪಕ್ಕದಲ್ಲಿ ಕೂರುವ ಒಬ್ಬರು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ, ಅವರು ಎಷ್ಟೋ ದಶಕ ಒಳಗೆ ಕತ್ತಲೆಯನ್ನೇ ಅನುಭವಿಸುತ್ತಾ ಬಡವರ ಸೇವೆ ಮಾಡಿದ್ದರು ಎಂದು ಲೋಕಕ್ಕೆ ಗೊತ್ತಾಯಿತು. ಆ ಕತ್ತಲೆಯನ್ನು ನನ್ನ ಅಲಕ್ಷ್ಯದ ಜೊತೆ ಸೇರಿಸಲಾರೆ.

ನಮ್ಮಲ್ಲಿ "ಬೂದಿ ಮುಚ್ಚಿದ ಕೆಂಡ" ಎಂದರೆ ಪೇಪರಿನವರು ಗಲಾಟೆಯ ಊರಿನ ಬಗ್ಗೆ ಬರೆಯುವ ಮಾತು. ಒಳಗೆ ಅಪಾಯ ಇದೆ ಎಂದು ಅರ್ಥ. ನಮ್ಮ ಅಜ್ಜಿಗೆ ಅದು ದಿನದ ಕೊನೆಯ ಕೆಲಸ. ರಾತ್ರಿ ಚಿಮಣಿ ದೀಪದ ಸುತ್ತ ಕುಟುಂಬ ಪ್ರಾರ್ಥನೆ, ಒಂದು ಗೀತೆ, ಒಂದು ಕೀರ್ತನೆ. ಅದು ಮುಗಿದ ಮೇಲೆ ಅಜ್ಜಿ ಒಲೆಯ ಹತ್ತಿರ ಹೋಗಿ ದಪ್ಪ ಕೆಂಡಗಳನ್ನು ಒಟ್ಟುಮಾಡಿ ಬೂದಿ ಮುಚ್ಚುತ್ತಿದ್ದರು. ಮಳೆಗಾಲದಲ್ಲಿ ಬೆಂಕಿಕಡ್ಡಿ ಥಂಡಿ ಹಿಡಿದು ಹತ್ತುತ್ತಿರಲಿಲ್ಲ. ಆರಿದ ಹಾಗೆ ಕಂಡರೂ ಅಡಿಯಲ್ಲಿ ಬೆಂಕಿ ಇದೆ ಎಂದು ನಂಬಿಕೊಂಡೇ ಅವರು ಮಲಗುತ್ತಿದ್ದದ್ದು.

ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಶುರುವಿನಲ್ಲೂ ಒಬ್ಬ ಅಜ್ಜಿ ಇದ್ದಾಳೆ. ನಿನ್ನ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇದ್ದ ನಂಬಿಕೆ ನಿನ್ನಲ್ಲೂ ಇದೆ ಎಂದು ಹೇಳಿ, ಮರು ವಚನದಲ್ಲೇ, ನಿನ್ನಲ್ಲಿರುವ ದೇವರ ವರವನ್ನು ಪ್ರಜ್ವಲಿಸುವಂತೆ ಮಾಡು ಎನ್ನುತ್ತಾನೆ. ಅಲ್ಲಿ ಅವನು ಬಳಸಿದ ಗ್ರೀಕ್ ಪದಕ್ಕೆ ಕೆಂಡವನ್ನು ಮತ್ತೆ ಉರಿಸುವುದು ಎಂಬ ಅರ್ಥವಿದೆ. ಹೊಸದಾಗಿ ಬೆಂಕಿ ತಾ ಎಂದು ತಿಮೊಥೆಯನಿಗೆ ಹೇಳಲಿಲ್ಲ. ಇದೆ, ಊದು ಎಂದ. ಎರಡು ವರ್ಷ ನನ್ನಲ್ಲಿ ಏನೂ ಉಳಿದಿಲ್ಲ ಎಂದುಕೊಂಡು ಅತ್ತವಳು ನಾನು. ಆದರೆ ಪ್ರಭುಭೋಜನದ ಆ ಭಾನುವಾರ ಎದೆ ಧಸಕ್ಕೆಂದದ್ದೇ ಕೆಂಡ ಇತ್ತು ಎಂಬುದಕ್ಕೆ ಗುರುತು. ಪೂರ್ತಿ ಆರಿದ್ದರೆ ಗಾಬರಿ ಯಾಕಾಗಬೇಕಿತ್ತು?

ಕಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಬೂದಿ ತೆಗೆದು ಸುಮ್ಮನಿದ್ದರೆ ಕೆಂಡವೂ ಆರುತ್ತದೆ. ಇದರಲ್ಲಿ ನನಗೆ ದಾರಿ ತೋರಿಸಿದವರು ಜಾರ್ಜ್ ಮುಲ್ಲರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯಿಂದಲೇ 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕಿದವರು. ರಮಾಬಾಯಿ ಮುಕ್ತಿಯನ್ನು ಕಟ್ಟುವ ಮೊದಲು ಇವರ ಕಥೆ ಓದಿ ಧೈರ್ಯ ತಗೊಂಡಿದ್ದರು. ಮುಲ್ಲರ್ 1841ರಲ್ಲಿ ಒಂದು ಅನುಭವ ಬರೆದಿಟ್ಟರು. ಹತ್ತು ವರ್ಷ ಬೆಳಿಗ್ಗೆ ಎದ್ದು ನೇರ ಪ್ರಾರ್ಥನೆಗೆ ಕೂರುತ್ತಿದ್ದರು. ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ ಮನಸ್ಸು ಅಲೆದ ಮೇಲೆಯೇ ನಿಜವಾದ ಪ್ರಾರ್ಥನೆ ಬರುತ್ತಿದ್ದದ್ದು. ಆಮೇಲೆ ಕ್ರಮ ಬದಲಾಯಿಸಿದರು. ಮೊದಲು ವಾಕ್ಯ. ಅದೂ ಬೇರೆಯವರಿಗೆ ಪ್ರಸಂಗ ಮಾಡುವುದಕ್ಕಲ್ಲ, ತನ್ನ ಆತ್ಮದ ಊಟಕ್ಕೆ. ಓದುತ್ತಾ ಓದುತ್ತಾ ಅದೇ ತಪ್ಪೊಪ್ಪಿಗೆಯಾಗಿ, ಸ್ತೋತ್ರವಾಗಿ, ಬೇಡಿಕೆಯಾಗಿ ತಿರುಗುತ್ತಿತ್ತು. ದಿನದ ಮೊದಲ ಕೆಲಸ ತನ್ನ ಆತ್ಮ ಕರ್ತನಲ್ಲಿ ಸಂತೋಷವಾಗಿರುವಂತೆ ನೋಡಿಕೊಳ್ಳುವುದು ಎಂದರು.

ನಾನು ಹದಿನಾಲ್ಕು ವರ್ಷ ಬೈಬಲ್ ತೆರೆದದ್ದು ಹೆಚ್ಚಾಗಿ ಪಾಠ ತಯಾರಿಗೆ. ಮಕ್ಕಳಿಗೆ ಬಡಿಸಿ ಬಡಿಸಿ ನಾನು ಊಟ ಮಾಡಿದ್ದು ಕಡಿಮೆ. ಈಗ ಒಂದು ವರ್ಷದ ಪಟ್ಟಿಯನ್ನು ಬಿಟ್ಟೆ. ದಿನಕ್ಕೆ ಹತ್ತು ಹನ್ನೆರಡು ವಚನ. ಒಂದು ಸಾಲಿನಲ್ಲಿ ಮನಸ್ಸು ನಿಂತರೆ ಅಲ್ಲೇ ನಿಲ್ಲುತ್ತೇನೆ. ಸಂಡೆ ಸ್ಕೂಲಿನಿಂದ ಒಂದು ವರ್ಷ ಬಿಡುವು ಕೇಳಿಕೊಂಡೆ. ಹಿರಿಯರೊಬ್ಬರು ಬೇಸರಪಟ್ಟರು. ಪರವಾಗಿಲ್ಲ.

ಒಂದು ಬೆಳಿಗ್ಗೆ ಯೋಹಾನನ ಕೊನೆಯ ಅಧ್ಯಾಯ ಬಂತು. ತಿಬೇರಿಯ ಸಮುದ್ರದ ದಡ. ರಾತ್ರಿಯೆಲ್ಲಾ ಬಲೆ ಬೀಸಿ ಸೋತ ಶಿಷ್ಯರು ದಡಕ್ಕೆ ಬಂದು ನೋಡಿದರೆ ಕೆಂಡದ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸು ತಾನೇ ಬೆಂಕಿ ಮಾಡಿ ಕಾದಿದ್ದಾನೆ. ಕೆಂಡದ ಬೆಂಕಿ ಎನ್ನುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಇನ್ನೊಂದು, ಯೇಸುವನ್ನು ಹಿಡಿದೊಯ್ದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ. ಶಿಷ್ಯ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ನಾನು ಅವನನ್ನು ಅರಿಯೆ ಎಂದದ್ದು ಅದರ ಮುಂದೆ. ಅದೇ ವಾಸನೆ, ಅದೇ ಬಿಸಿ ಪೇತ್ರನ ಮುಖಕ್ಕೆ ತಾಗಿರಬೇಕು. ಯೇಸು ಅವನನ್ನು ಆ ಬೆಂಕಿಯ ಮುಂದೆಯೇ ಕೂರಿಸಿ, ಮೊದಲು ಊಟ ಮಾಡಿಸಿ, ಆಮೇಲೆ ಕೇಳಿದ. ಕುರಿ ಮೇಯಿಸುತ್ತೀಯಾ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದ. ಮೂರು ಸಲ. ಆ ಬೆಳಿಗ್ಗೆ ಆ ಪ್ರಶ್ನೆಯಿಂದ ಮುಂದೆ ಓದಲು ನನಗೆ ಆಗಲಿಲ್ಲ. ಕಣ್ಣು ತುಂಬಿ ಬಂತು. ಶಿಬಿರದ ರಾತ್ರಿಯ ಅಳು ಅಲ್ಲ ಇದು. ಇದಕ್ಕೆ ಸದ್ದಿರಲಿಲ್ಲ.

ಹೋದ ಪ್ರಭುಭೋಜನದ ಭಾನುವಾರ ಮುಂದೆ ಹೋಗಿ ಮೊಣಕಾಲೂರಿದಾಗ, ಪಕ್ಕದಲ್ಲಿ ಯಾರೋ ಬಂದು ಕೂತರು. ಓರೆಗಣ್ಣಿನಲ್ಲಿ ನೋಡಿದೆ. ಅವಳೇ. ಜಾಗ ಇನ್ನೂ ಆ ಕಡೆ ಖಾಲಿ ಇತ್ತು. ಇಬ್ಬರೂ ಮಾತಾಡಲಿಲ್ಲ. ಅಯ್ಯನವರು ಬಂದರು. ನನ್ನ ಅಂಗೈಗೆ ಒಂದು ತುಂಡು ರೊಟ್ಟಿ, ಅವಳ ಅಂಗೈಗೆ ಒಂದು ತುಂಡು.